ವಿದ್ಯಾರ್ಥಿಯ ಸಂಶೋಧನೆ : ಅಂಗಡಿಯದೋ, ಅಂಗಳದ್ದೋ?

ಪದವಿ ತರಗತಿಯ ವಿದ್ಯಾರ್ಥಿಯು ಪಾಠ ಕೇಳಿ ಪರೀಕ್ಷೆ ಬರೆದರೆ ಸಾಲದು. ತಾನೂ ಒಂದು ಸಣ್ಣ ವಿಷಯವನ್ನು ಕೈಗೆತ್ತಿಕೊಂಡು, ನಾಲ್ಕು ಜನರನ್ನು ವಿಚಾರಿಸಿ, ಕಂಡದ್ದನ್ನು ಬರೆದು ಒಪ್ಪಿಸಬೇಕೆಂಬ ಏರ್ಪಾಡು ಈಗ ಅನೇಕ ಕಡೆ ಬಂದಿದೆ. ಏರ್ಪಾಡು ಒಳ್ಳೆಯದೇ. ಆದರೆ ಅದರ ಉದ್ದೇಶಕ್ಕೂ ಆಚರಣೆಗೂ ನಡುವಣ ಅಂತರವನ್ನು ಕಂಡವರಿಗೆ ನಗಬೇಕೋ ಅಳಬೇಕೋ ತಿಳಿಯದು. ಮನಶ್ಶಾಸ್ತ್ರದ ಪ್ರಬಂಧಗಳನ್ನೇ ನೋಡಿರಿ. ಮನವೊಲಿಕೆ, ಭಾವ, ದೃಷ್ಟಿಗ್ರಹಣ ಎಂದು ಶೀರ್ಷಿಕೆಗಳೇನೋ ಘನವಾಗಿರುತ್ತವೆ. ಒಳಹೊಕ್ಕರೆ ರಟ್ಟು ಹೊಸದು, ಹೆಸರು ಹೊಸದು, ಅಂಕಿಗಳು ಮಾತ್ರ ಹಳೆಯವು. ನೂರು ಜನರನ್ನು ಪ್ರಶ್ನಿಸಿದೆನೆಂದು ಬರೆದವನು ಹತ್ತು ಬಾಗಿಲುಗಳನ್ನೂ ತಟ್ಟಿರುವುದಿಲ್ಲ. ಈಚೆಗೆ ಕೃತಕ ಬುದ್ಧಿಯ ಯಂತ್ರವೂ ನೆರವಿಗೆ ಬಂದಿರುವುದರಿಂದ, ನಕಲು ಮಾಡುವ ಶ್ರಮವೂ ಉಳಿದಂತಾಗಿದೆ! ಇದು ಯಾವುದೋ ಒಂದು ಕಾಲೇಜಿನ ದೋಷವಲ್ಲ. ನಾಡಿನಾದ್ಯಂತ ಹರಡಿರುವ ರೋಗ. ಆದುದರಿಂದಲೇ ಅದನ್ನು ಕುರಿತು ನಾವು ನಾವೇ ಮುಕ್ತ ಮನಸ್ಸಿನಿಂದ ಮಾತನಾಡಿಕೊಳ್ಳುವುದು ಅಗತ್ಯ.

“ಇದರಿಂದ ಯಾರಿಗೇನು ನಷ್ಟ?” ಎಂದು ಕೇಳುವ ಮಿತ್ರರಿದ್ದಾರೆ. ನಷ್ಟವಿದೆ. 2018ರ ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಹೊಡೆದು ಕೊಂದಿತು. ಕೈಯಲ್ಲಿನ ಫೋನಿನಲ್ಲಿ ಕಂಡ ಚಿತ್ರ, ಅದರಿಂದ ಹುಟ್ಟಿದ ಭಯ, ಭಯದಿಂದ ಹುಟ್ಟಿದ ನಂಬಿಕೆ—ದೃಷ್ಟಿಗ್ರಹಣ, ಭಾವ, ಮನವೊಲಿಕೆ ಮೂರೂ ಅಲ್ಲಿ ಒಂದಾಗಿದ್ದವು. ಇವು ಪಠ್ಯಪುಸ್ತಕದ ಅಧ್ಯಾಯಗಳಷ್ಟೇ ಆಗಿದ್ದರೆ ನಕಲು ಮಾಡಿದರೂ ಚಿಂತೆಯಿರಲಿಲ್ಲ. ಇವು ನಮ್ಮ ಜನರ ಪ್ರಾಣದ ಪ್ರಶ್ನೆಗಳು.

ಈ ಶಾಸ್ತ್ರ ನಮ್ಮ ನಾಡಿಗೆ ನಿನ್ನೆ ಬಂದುದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ಬೆಳೆಸಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮನಸ್ಸನ್ನು ಬಲ್ಲವನು ನಾಲ್ಕು ಗೋಡೆಗಳ ನಡುವೆ ಕುಳಿತಿರಬಾರದು, ಜನರ ಕಿವಿಗೆ ತಲುಪಬೇಕೆಂಬುದನ್ನು ಅವರು ಮಾಡಿ ತೋರಿಸಿದರು. ಆ ಪರಂಪರೆಯ ಕೊನೆಯ ತುದಿಯಲ್ಲಿರುವ ನಾವು ನಮ್ಮ ಊರಿನ ಬೀದಿಗೆ ಇಳಿಯಲು ಹಿಂಜರಿಯಬೇಕೇ?

ಮೊದಲು ಕಣ್ಣಿನ ವಿಷಯ. ಬಳ್ಳಾರಿಯ ಕುಂಬಾರ ಗುಡ್ಡವನ್ನು ಒಂದು ದಿಕ್ಕಿನಿಂದ ನೋಡಿದರೆ ಮಲಗಿದ ಮನುಷ್ಯನ ಮುಖದಂತೆ ಕಾಣುವುದೆಂದು ಅದಕ್ಕೆ ಮುಖದ ಗುಡ್ಡವೆಂಬ ಹೆಸರೂ ಬಂದಿದೆ. ಬಂಡೆಯಲ್ಲಿ ಮೂಗೂ ಇಲ್ಲ, ಬಾಯಿಯೂ ಇಲ್ಲ. ಅವನ್ನು ಜೋಡಿಸಿದ್ದು ನಮ್ಮ ಮನಸ್ಸು. ಹೇಳದೆ ತೋರಿಸಿದಾಗ ಎಷ್ಟು ಜನ ಮುಖವನ್ನು ಗುರುತಿಸುತ್ತಾರೆ, ಹೇಳಿ ತೋರಿಸಿದಾಗ ಎಷ್ಟು ಜನ? ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಒಂದು ಭಾವಚಿತ್ರ ಸಾಕು. ಕುರುಗೋಡಿನ ದೊಡ್ಡ ಬಸವೇಶ್ವರನ ಭಾರಿ ವಿಗ್ರಹವನ್ನು ನೋಡಿ ಹೊರಬಂದವರ ಕೈಗೆ ದಾರದ ಉಂಡೆಯೊಂದನ್ನು ಕೊಟ್ಟು, “ಬಸವಣ್ಣ ಎಷ್ಟು ಎತ್ತರ? ಅಷ್ಟು ದಾರವನ್ನು ನೆಲದ ಮೇಲೆ ಹಾಸಿರಿ” ಎಂದರೆ ಅದೂ ಒಂದು ಪ್ರಯೋಗವೇ. ಲಂಬವಾದ ಗೆರೆ ಅಡ್ಡಗೆರೆಗಿಂತ ಉದ್ದವಾಗಿ ಕಾಣುವ ಭ್ರಮೆ ಶಾಸ್ತ್ರಜ್ಞರಿಗೆ ಚಿರಪರಿಚಿತ. ನಮ್ಮ ನೆರೆಯ ನೀಲಗಿರಿಯ ತೋಡರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಇಂಥದನ್ನೇ ಪರೀಕ್ಷಿಸಿ 1905ರಲ್ಲಿ ಪ್ರಕಟಿಸಿದರು. ಬಾಣದ ತುದಿಗಳುಳ್ಳ ಗೆರೆಗಳು ಇಂಗ್ಲಿಷರನ್ನು ಮೋಸಗೊಳಿಸಿದಷ್ಟು ತೋಡರನ್ನು ಮೋಸಗೊಳಿಸಲಿಲ್ಲ; ಲಂಬಗೆರೆಯ ಭ್ರಮೆಯಾದರೋ ತೋಡರಲ್ಲಿಯೇ ಹೆಚ್ಚಾಗಿತ್ತು. ಕಣ್ಣು ಎಲ್ಲರಿಗೂ ಒಂದೇ ಆದರೂ ನೋಟ ಬೆಳೆದ ನೆಲಕ್ಕೆ ತಕ್ಕಂತೆ ಬೇರೆಯಾಗಬಹುದೆಂದ ಮೇಲೆ, ಪರದೇಶದ ಅಂಕಿಗಳನ್ನು ಇಳಿಸಿಕೊಂಡು ಸಿರುಗುಪ್ಪದವರ ನೋಟವೆಂದು ಬರೆಯುವುದು ಎಂಥ ನ್ಯಾಯ?

ಭಾವದ ವಿಷಯದಲ್ಲಿ ಈ ಅನ್ಯಾಯ ಇನ್ನೂ ದೊಡ್ಡದು. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ಹಂಚುವುದು ನಮ್ಮಲ್ಲಿ ರೂಢಿ. ಆದರೆ ನಮ್ಮ ‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ಮಾಡಲು ಕೆಲಸವಿಲ್ಲದ ಜಡತೆಯೂ ಇದೆ, ದುಃಖವೂ ಇದೆ, ಸಣ್ಣ ಸಿಟ್ಟೂ ಇದೆ. ‘ನಾಚಿಕೆ’ಯಲ್ಲಿ ಮದುವಣಗಿತ್ತಿಯ ಸಂಕೋಚವೂ ಇದೆ, ತಪ್ಪಿತಸ್ಥನ ತಲೆ ತಗ್ಗುವಿಕೆಯೂ ಇದೆ. “ನಿಮಗೆ ವಾರಕ್ಕೆ ಎಷ್ಟು ಸಲ ಬೇಜಾರಾಗುತ್ತದೆ?” ಎಂಬ ಪ್ರಶ್ನೆಗೆ ಕುರುಗೋಡಿನ ಮುದುಕಿಯೊಬ್ಬಳು “ದಿನಾ” ಎಂದರೆ, ಅವಳನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಸಿರುಗುಪ್ಪದಂಥ ಗಡಿ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರೂ ಇದ್ದಾರೆ. ಅವರು ಯಾವ ಭಾಷೆಯಲ್ಲಿ ಸಿಟ್ಟಾಗುತ್ತಾರೆ, ಯಾವುದರಲ್ಲಿ ಮುದ್ದು ಮಾಡುತ್ತಾರೆ? ಇದನ್ನೇ ಒಬ್ಬ ವಿದ್ಯಾರ್ಥಿನಿ ಶ್ರದ್ಧೆಯಿಂದ ಬರೆದಿಟ್ಟರೆ ಅದಕ್ಕೆ ಬೆಲೆಯುಂಟು. ಭರತನ ನಾಟ್ಯಶಾಸ್ತ್ರವು ಸ್ಥಾಯಿಭಾವಗಳು ಎಂಟು, ಸಂಚಾರಿಗಳು ಮೂವತ್ತಮೂರು ಎಂದು ಎಣಿಸಿ ಕೊಟ್ಟಿದೆ. ಆ ಶಾಸ್ತ್ರದ ಅಭಿನಯವನ್ನೇ ಆಧರಿಸಿ ಹೆಜಮಾಡಿ, ಡೇವಿಡ್‌ಸನ್, ರೋಜಿನ್ ಎಂಬವರು ಹತ್ತು ಭಾವಗಳನ್ನು ಭಾರತೀಯರಿಗೂ ಅಮೆರಿಕದವರಿಗೂ ತೋರಿಸಿ, ಎರಡು ಕಡೆಯವರೂ ಅವನ್ನು ಚೆನ್ನಾಗಿಯೇ ಗುರುತಿಸಿದರೆಂದು 2000ದಲ್ಲಿ ಪ್ರಕಟಿಸಿದರು. ಬಳ್ಳಾರಿ ರಾಘವರು ನಟಿಸಿದ ಊರು ನಮ್ಮದು. ಬಯಲಾಟ, ತೊಗಲುಬೊಂಬೆಗಳ ಸೀಮೆ ನಮ್ಮದು. ಭಾವವನ್ನು ಅಭ್ಯಸಿಸಲು ಇದಕ್ಕಿಂತ ಸಾಮಗ್ರಿ ಎಲ್ಲಿ ದೊರೆತೀತು?

ಇನ್ನು ಮನವೊಲಿಕೆ. 1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಗೆ ಬಂದ ಶ್ರೀಮತಿ ಸುಷ್ಮಾ ಸ್ವರಾಜ್ ಅವರು ಅಲ್ಪಕಾಲದಲ್ಲಿ ಕನ್ನಡ ಕಲಿತು ಕನ್ನಡದಲ್ಲಿಯೇ ಭಾಷಣ ಮಾಡಿದರು, ಜನ ಮೆಚ್ಚಿದರು. ಗೆದ್ದವರು ಶ್ರೀಮತಿ ಸೋನಿಯಾ ಗಾಂಧಿ, ಸುಮಾರು 56 ಸಾವಿರ ಮತಗಳ ಅಂತರದಿಂದ. ಪಕ್ಷದ ಮಾತು ಇಲ್ಲಿ ಬೇಡ. ಮೆಚ್ಚಿಸುವುದು ಬೇರೆ, ಒಲಿಸುವುದು ಬೇರೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನವಿದು. ಇನ್ನೊಂದನ್ನು ನೋಡಿರಿ. ತುಂಗಭದ್ರೆಯ ಕಾಲುವೆಗಳಿಗೆ 1953ರಲ್ಲಿ ನೀರು ಬಂದಿತು. ಕಡಿಮೆ ನೀರು ಬೇಡುವ ಬೆಳೆಗಳಿಗೆಂದು ಗೊತ್ತುಪಡಿಸಿದ ನೆಲದಲ್ಲಿಯೂ ನೆಲ್ಲು ಹಬ್ಬಿತು. ಕಾಲುವೆಯ ಕೊನೆಯ ಹೊಲದವರು ನೀರಿಗೆ ಬಾಯಿಬಿಡುವಂತಾಯಿತು. ಸರಕಾರದ ಆಜ್ಞೆ ಒಲಿಸಲಾರದ ರೈತನನ್ನು ನೆರೆಯವನ ಹಸಿರು ಗದ್ದೆ ಒಲಿಸಿತೇ? ಅಥವಾ ಅಕ್ಕಿಯ ಬೆಲೆಯೇ? ಸಿರುಗುಪ್ಪದಿಂದ ಬರುವ ಮಿತ್ರನು ತನ್ನ ತಂದೆಯನ್ನೂ ಅವರ ಓರಗೆಯವರನ್ನೂ ಕೇಳಿ ಬರೆದರೆ, ಆ ಪ್ರಬಂಧವನ್ನು ಯಾವ ಅಂಗಡಿಯೂ ಮಾರಲಾರದು.

ಸಣ್ಣ ಊರಿನ ಸಣ್ಣ ವಿಚಾರಣೆಯಿಂದ ಏನಾದೀತೆಂದು ಹೀಗಳೆಯುವವರು ಒಂದು ಸಂಗತಿಯನ್ನು ನೆನೆಯಲಿ. 1934ರ ಬಿಹಾರದ ಭೂಕಂಪವಾದ ಮೇಲೆ ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಜನರ ಬಾಯಲ್ಲಿ ಹಬ್ಬಿದ ವದಂತಿಗಳನ್ನು ಕೂಡಿಹಾಕಿ ಮರುವರ್ಷ ಪ್ರಕಟಿಸಿದರು. ನೆಲ ನಡುಗಿದರೂ ಹಾನಿಯಾಗದ ಕಡೆಯಲ್ಲಿ, ಮುಂದೆ ಇನ್ನೂ ಘೋರವಾದುದು ಕಾದಿದೆಯೆಂಬ ಸುದ್ದಿಗಳೇ ಹರಡಿದ್ದವು. ಹೆದರಿದ ಮನಸ್ಸು ತನ್ನ ಹೆದರಿಕೆಗೆ ತಕ್ಕ ಕಾರಣವನ್ನು ತಾನೇ ಹುಡುಕಿಕೊಳ್ಳುತ್ತದೆಂದು ಇದರಿಂದ ಊಹಿಸಿದ ಅಮೆರಿಕದ ಲಿಯಾನ್ ಫೆಸ್ಟಿಂಜರ್, 1957ರಲ್ಲಿ ಜಗತ್ಪ್ರಸಿದ್ಧವಾದ ಸಿದ್ಧಾಂತವನ್ನು ಕಟ್ಟಿದರು. ಆ ಕಟ್ಟಡಕ್ಕೆ ನೆಲಗಟ್ಟಾದದ್ದು ನಮ್ಮ ದೇಶದ ಬೀದಿಯ ಮಾತು! ಮುರ್ಕಿಯ ದುರಂತವನ್ನು ಅರಿಯಲೂ ಇದೇ ದಾರಿ.

ಆಕ್ಷೇಪಣೆಗಳಿಲ್ಲದೆ ಇಲ್ಲ. “ನಮ್ಮಲ್ಲಿ ಉಪಕರಣಗಳಿಲ್ಲ, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರಿಗೆ ಬಿಡುವಿಲ್ಲ, ಕೆಲವರು ದುಡಿದು ಓದುವವರು” ಎನ್ನುತ್ತಾರೆ. ನಿಜ. ಆದರೆ ದಾರದ ಉಂಡೆಗೆ ಎಷ್ಟು ಹಣ ಬೇಕು? ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮಾತನಾಡದವರೇ? ನೂರು ಜನರ ಸುಳ್ಳು ಲೆಕ್ಕಕ್ಕಿಂತ ಇಪ್ಪತ್ತು ಜನರ ನಿಜವಾದ ಉತ್ತರ ಮೇಲು. ಗುರುಗಳು ಒಂದು ಉಪಕಾರ ಮಾಡಬೇಕು: ಪ್ರಬಂಧದ ದಪ್ಪವನ್ನು ನೋಡದೆ, ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವನ್ನು ನೋಡಿ ಅಂಕ ಕೊಡಬೇಕು. ಊಹೆ ಸುಳ್ಳಾಯಿತೆಂದು ಪ್ರಾಮಾಣಿಕವಾಗಿ ಬರೆದವನಿಗೆ ಅಂಕ ಕಡಿಮೆಯಾಗಬಾರದು. ಆ ಭಯವೇ ಸುಳ್ಳಂಕಿಗಳ ತಾಯಿ.

ನಮಗೂ ಕೆಲವು ಕಟ್ಟಳೆಗಳಿರಲಿ. ಕೇಳುವ ಮುನ್ನ ಒಪ್ಪಿಗೆ ಪಡೆಯೋಣ, ಒಲ್ಲೆನೆಂದವರನ್ನು ಕಾಡದಿರೋಣ, ಹೇಳಿದವರ ಹೆಸರನ್ನು ಬಯಲಿಗೆ ತಾರದಿರೋಣ. ವದಂತಿಯನ್ನು ಅಳೆಯಲೆಂದು ವದಂತಿಯನ್ನು ಹರಡುವ, ಭಯವನ್ನು ಅಳೆಯಲೆಂದು ಹೆದರಿಸುವ ಕೆಲಸಕ್ಕೆ ಕೈಹಾಕಲೇ ಬಾರದು. ನಮ್ಮ ಪ್ರಶ್ನೆಗೆ ಉತ್ತರ ಕೊಡುವ ಕೂಲಿಯವಳು ತನ್ನ ಬಿಡುವನ್ನು ನಮಗೆ ದಾನ ಮಾಡಿರುತ್ತಾಳೆ. ಅದಕ್ಕೆ ಪ್ರತಿಯಾಗಿ, ನಾವು ಕಂಡುಕೊಂಡದ್ದನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೋಗಿ ಹೇಳುವುದು ನಮ್ಮ ಋಣ.

ಕೊನೆಯದಾಗಿ ಒಂದು ಬಿನ್ನಹ. ಪ್ರತಿವರ್ಷ ಇಂಥ ಪ್ರಬಂಧಗಳಲ್ಲಿ ಉತ್ತಮವಾದ ಎರಡು ಮೂರರ ಸಾರಾಂಶಕ್ಕೆ ಈ ಸಂಚಿಕೆಯಲ್ಲಿ ನಾಲ್ಕು ಪುಟ ಮೀಸಲಾಗಲಿ. ಕಪಾಟಿನಲ್ಲಿ ಧೂಳು ತಿನ್ನುವ ಬರಹಕ್ಕೆ ಓದುಗರು ದೊರೆತರೆ, ಬರೆಯುವವರಿಗೂ ಎಚ್ಚರ ಬರುತ್ತದೆ. ಹತ್ತು ವರ್ಷಗಳಲ್ಲಿ ನಮ್ಮ ಸೀಮೆಯ ಜನ ಹೇಗೆ ನೋಡುತ್ತಾರೆ, ಯಾವುದಕ್ಕೆ ಅಂಜುತ್ತಾರೆ, ಯಾರ ಮಾತಿಗೆ ಒಲಿಯುತ್ತಾರೆ ಎಂಬುದರ ಒಂದು ದಾಖಲೆ, ಚಿಕ್ಕದಾದರೂ ಸಾಚಾ ದಾಖಲೆ, ನಮ್ಮ ಕೈಯಲ್ಲಿರುತ್ತದೆ. ಮುಂದೆ ಸುಳ್ಳು ಸುದ್ದಿಯೊಂದು ನಮ್ಮ ಊರಿಗೆ ಬಂದಾಗ, “ತಡೆಯಿರಿ, ಮೊದಲು ವಿಚಾರಿಸೋಣ” ಎನ್ನುವ ಒಬ್ಬನಾದರೂ ನಮ್ಮ ತರಗತಿಯಿಂದ ಹೊರಟಿದ್ದರೆ, ಪಟ್ಟ ಶ್ರಮವೆಲ್ಲ ಸಾರ್ಥಕ.