ಜ್ವರದ ಮಾತ್ರೆ ಮತ್ತು ತೋಳಿನ ಸೆನ್ಸರ್: ಫೋನಿನಲ್ಲಿ ಕಾಣುವ ಸಕ್ಕರೆ ಅಂಕಿ ಯಾವಾಗ ತಪ್ಪಾಗುತ್ತದೆ?

2025ರ ನವೆಂಬರ್ ಕೊನೆಯಲ್ಲಿ ಅಬಾಟ್ ಕಂಪನಿ ಒಂದು ಸುರಕ್ಷತಾ ಪ್ರಕಟಣೆ ಹೊರಡಿಸಿತು. ತನ್ನ ಫ್ರೀಸ್ಟೈಲ್ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್ ಸೆನ್ಸರ್‌ಗಳಲ್ಲಿ ಕೆಲವು, ದೇಹದಲ್ಲಿ ಇರುವುದಕ್ಕಿಂತ ಕಡಿಮೆ ಸಕ್ಕರೆ ತೋರಿಸುತ್ತಿವೆ, ಅದೂ ಗಂಟೆಗಟ್ಟಲೆ ತೋರಿಸುತ್ತಿರಬಹುದು ಎಂಬುದು ಅದರ ಸಾರ. ಇದಕ್ಕೆ ಸಂಬಂಧ ಇರಬಹುದಾದ 736 ಗಂಭೀರ ಪ್ರಕರಣಗಳು ಮತ್ತು 7 ಸಾವುಗಳು ಜಗತ್ತಿನ ಬೇರೆ ಬೇರೆ ಕಡೆಗಳಿಂದ ವರದಿಯಾಗಿದ್ದವು. ಅಂಕಿ ಕಡಿಮೆ ಎಂದು ನಂಬಿದವರು ಏನು ಮಾಡುತ್ತಾರೆ? ಸಕ್ಕರೆ ತಿನ್ನುತ್ತಾರೆ, ಇನ್ಸುಲಿನ್ ಬಿಡುತ್ತಾರೆ. ನಿಜವಾದ ಸಕ್ಕರೆ ಆಗಲೇ ಏರಿರುವಾಗ ಇದೆರಡೂ ಅಪಾಯ.

ನಿಮ್ಮ ಮನೆಯಲ್ಲಿರುವ ಸೆನ್ಸರ್ ಆ ಮಾದರಿಯದ್ದೇ ಅಲ್ಲದಿರಬಹುದು. ಆದರೂ ಈ ಸುದ್ದಿಯನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಅದು ತಯಾರಿಕೆಯಲ್ಲಿ ಆದ ದೋಷ, ಕಂಪನಿ ಕಂಡುಹಿಡಿದು ಹೇಳಿತು. ಯಾವ ದೋಷವೂ ಇಲ್ಲದ, ಹೊಚ್ಚ ಹೊಸ ಸೆನ್ಸರ್ ಕೂಡ ತಪ್ಪು ಅಂಕಿ ತೋರಿಸುವ ಸಂದರ್ಭಗಳಿವೆ. ಅವುಗಳಲ್ಲಿ ಕೆಲವಕ್ಕೆ ಕಾರಣ ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಮಾತ್ರೆ. ಅದನ್ನು ಯಾರೂ ಪ್ರಕಟಣೆ ಹೊರಡಿಸಿ ಹೇಳುವುದಿಲ್ಲ. ಸೆನ್ಸರ್ ಜೊತೆ ಬರುವ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅಷ್ಟೆ.

ಗಣಕಯಂತ್ರ ಮೇಜಿನ ಮೇಲಿಂದ ಇಳಿದು ನಮ್ಮ ಸುತ್ತಲಿನ ವಸ್ತುಗಳಲ್ಲಿ ಕಾಣದಂತೆ ಸೇರಿಹೋಗುತ್ತದೆ ಎಂದು ಅಮೆರಿಕದ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲೇ ಬರೆದಿದ್ದರು. ಆರೋಗ್ಯದ ವಿಷಯದಲ್ಲಿ ಅದು ನಮ್ಮ ಚರ್ಮದ ಒಳಗೇ ಬಂದು ಕೂತಿದೆ. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ ತೋಳಿಗೆ ಅಂಟಿರುತ್ತದೆ. ಧಾರವಾಡದಲ್ಲಿರುವ ಅಮ್ಮನ ಸಕ್ಕರೆ ಪುಣೆಯಲ್ಲಿರುವ ಮಗಳ ಫೋನಿನಲ್ಲಿ ಕಾಣುತ್ತದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ದೊಡ್ಡ ನೆಮ್ಮದಿ, ಅದರಲ್ಲಿ ಅನುಮಾನವಿಲ್ಲ. ಸೆನ್ಸರ್ ಬೇಡ ಎನ್ನುವುದು ಈ ಲೇಖನದ ಉದ್ದೇಶವೂ ಅಲ್ಲ. ಅದು ಹೇಗೆ ಅಳೆಯುತ್ತದೆ ಎಂದು ತಿಳಿದರೆ ಯಾವಾಗ ನಂಬಬೇಕು, ಯಾವಾಗ ಬೆರಳು ಚುಚ್ಚಿ ನೋಡಬೇಕು ಎಂಬುದು ಗೊತ್ತಾಗುತ್ತದೆ.

ಸೆನ್ಸರ್ ಸಕ್ಕರೆಯನ್ನು ನೇರವಾಗಿ ನೋಡುವುದಿಲ್ಲ

ಬಿಲ್ಲೆಯ ಕೆಳಗೆ ಕೂದಲೆಳೆಯಂಥ ತಂತು ಚರ್ಮದಡಿಗೆ ಇಳಿದಿರುತ್ತದೆ. ಅದು ಮುಟ್ಟುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಸಕ್ಕರೆ ಆ ದ್ರವಕ್ಕೆ ಬರಲು ಕೆಲವು ನಿಮಿಷ ಬೇಕು. ಹಾಗಾಗಿ ಊಟವಾದ ಮೇಲೆ ಸಕ್ಕರೆ ಸರಸರ ಏರುವಾಗ, ನಡಿಗೆಯ ಹೊತ್ತಿನಲ್ಲಿ ಸರಸರ ಇಳಿಯುವಾಗ ಸೆನ್ಸರ್ ಸ್ವಲ್ಪ ಹಿಂದೆ ಇರುತ್ತದೆ. ಇದು ಎಲ್ಲರಿಗೂ ಇರುವ ಮಿತಿ, ದೊಡ್ಡ ತೊಂದರೆಯಲ್ಲ.

ತೊಂದರೆ ಇರುವುದು ಮುಂದಿನ ಹಂತದಲ್ಲಿ. ತಂತಿಗೆ ಸವರಿದ ಕಿಣ್ವ ಗ್ಲೂಕೋಸ್ ಜೊತೆ ವರ್ತಿಸುತ್ತದೆ. ಅನೇಕ ಸೆನ್ಸರ್‌ಗಳಲ್ಲಿ ಇದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಅದು ವಿದ್ಯುದಗ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ಒಂದು ಸಣ್ಣ ಕರೆಂಟ್ ಹರಿಯುತ್ತದೆ. ಆ ಕರೆಂಟನ್ನೇ ಯಂತ್ರ ಸಕ್ಕರೆಯ ಅಂಕಿಯಾಗಿ ಲೆಕ್ಕ ಹಾಕುತ್ತದೆ. ಈಗ ಪ್ಯಾರಾಸಿಟಮಾಲ್ ನುಂಗಿ ನೋಡಿ. ಅದು ಕೂಡ ಚರ್ಮದಡಿಯ ದ್ರವಕ್ಕೆ ಬರುತ್ತದೆ, ವಿದ್ಯುದಗ್ರವನ್ನು ತಲುಪಿದರೆ ಅದೂ ಎಲೆಕ್ಟ್ರಾನ್ ಕೊಡುತ್ತದೆ. ಕರೆಂಟ್ ಹೆಚ್ಚಾಯಿತು ಎಂದಷ್ಟೇ ಯಂತ್ರಕ್ಕೆ ಗೊತ್ತು. ಕೊಟ್ಟವರು ಯಾರು ಎಂದು ಅದು ಕೇಳುವುದಿಲ್ಲ. ಸಕ್ಕರೆ ಏರಿದೆ ಎಂದು ಪರದೆ ಹೇಳುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚು ಚುಚ್ಚಿಕೊಂಡರೆ ನಿಜವಾದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ.

ಎಲ್ಲ ಸೆನ್ಸರ್‌ಗಳೂ ಇದರಲ್ಲಿ ಒಂದೇ ಅಲ್ಲ, ಗೊಂದಲ ಶುರುವಾಗುವುದೇ ಇಲ್ಲಿ. ಮೆಡ್‌ಟ್ರಾನಿಕ್‌ನ ಗಾರ್ಡಿಯನ್ ಸೆನ್ಸರ್‌ಗಳ ಚೀಟಿ ಈ ಔಷಧದ ಬಗ್ಗೆ ನೇರವಾಗಿ ಎಚ್ಚರಿಸುತ್ತದೆ. ಡೆಕ್ಸ್‌ಕಾಮ್‌ನ ಹಳೆಯ ಜಿ5ರಲ್ಲೂ ಇದೇ ತೊಂದರೆ ಇತ್ತು. ಜಿ6 ಬಂದ ಮೇಲೆ 6 ಗಂಟೆಗೆ 1 ಗ್ರಾಂವರೆಗೆ ತೆಗೆದುಕೊಂಡರೆ ತೊಂದರೆಯಿಲ್ಲ ಎನ್ನುತ್ತಾರೆ. ಅಂದರೆ 650ರ ಮಾತ್ರೆ ಒಂದಾದರೆ ಸರಿ, ಮೈಕೈ ನೋವೆಂದು ಒಟ್ಟಿಗೆ ಎರಡು ನುಂಗಿದರೆ ಮಿತಿ ದಾಟಿತು. ಅಬಾಟ್‌ನ ಲಿಬ್ರೆಗೆ ಪ್ಯಾರಾಸಿಟಮಾಲ್ ಚಿಂತೆಯಲ್ಲ, ಅದಕ್ಕೆ ಆಗದಿರುವುದು ವಿಟಮಿನ್ ಸಿ. ಮಾದರಿಗೆ ತಕ್ಕಂತೆ ದಿನಕ್ಕೆ 500 ಅಥವಾ 1000 ಮಿಲಿಗ್ರಾಂ ದಾಟಿದರೆ ಅಂಕಿ ಸುಳ್ಳಾಗಿ ಏರಬಹುದು. ನಿಂಬೆ ಪಾನಕಕ್ಕೆ ಹೆದರಬೇಡಿ, ಒಂದು ಹಣ್ಣಿನಲ್ಲಿ ಇರುವುದು ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಆದರೆ ಕೋವಿಡ್ ಕಾಲದಲ್ಲಿ ಅಭ್ಯಾಸವಾದ ಆ ಕಿತ್ತಳೆ ಬಣ್ಣದ ಚೀಪುವ ಮಾತ್ರೆ ಸಾಮಾನ್ಯವಾಗಿ 500 ಮಿಲಿಗ್ರಾಮಿನದು. ಬೆಳಿಗ್ಗೆ ಒಂದು, ರಾತ್ರಿ ಒಂದು ಚೀಪುವ ಹಿರಿಯರನ್ನು ನೀವೂ ನೋಡಿರುತ್ತೀರಿ.

ಸಿಕಲ್ ಸೆಲ್ ಕಾಯಿಲೆಗೆ, ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ಹೈಡ್ರಾಕ್ಸಿಯೂರಿಯಾ ಇನ್ನೊಂದು. ಡೆಕ್ಸ್‌ಕಾಮ್, ಮೆಡ್‌ಟ್ರಾನಿಕ್ ಸೆನ್ಸರ್‌ಗಳಲ್ಲಿ ಅದು ಅಂಕಿಯನ್ನು ಏರಿಸುತ್ತದೆ. ಆ ಔಷಧ ತೆಗೆದುಕೊಳ್ಳುವವರು ಸೆನ್ಸರ್ ಕೊಳ್ಳುವ ಮೊದಲೇ ವೈದ್ಯರೊಂದಿಗೆ ಮಾತಾಡಬೇಕು.

ಚೀಟಿಯ ಹೆಸರು ಬೇರೆ, ಸ್ಟ್ರಿಪ್ಪಿನ ಹೆಸರು ಬೇರೆ

ಔಷಧಗಳ ಮಾಹಿತಿ ಚೀಟಿಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನನಗೆ ಪದೇ ಪದೇ ಕಾಣುವ ಸಮಸ್ಯೆ ಇದು. ಸೆನ್ಸರ್ ಚೀಟಿಯನ್ನು ಅಮೆರಿಕದ ಇಂಗ್ಲಿಷಿನಲ್ಲಿ ಬರೆದಿದ್ದರೆ ಅದರಲ್ಲಿ ‘ಅಸಿಟಮಿನೋಫೆನ್’ ಎಂದಿರುತ್ತದೆ. ನಮ್ಮ ಸ್ಟ್ರಿಪ್ಪಿನ ಮೇಲೆ ‘ಪ್ಯಾರಾಸಿಟಮಾಲ್’ ಎಂದಿರುತ್ತದೆ. ಎರಡೂ ಒಂದೇ ವಸ್ತು. ಆದರೆ ನಾವು ಅಂಗಡಿಯಲ್ಲಿ ಕೇಳುವುದು ಡೋಲೋ, ಕ್ರೋಸಿನ್, ಕಾಲ್ಪಾಲ್ ಎಂದು. ಒಂದೇ ಮಾತ್ರೆಗೆ ಮೂರು ಪದರ ಹೆಸರು. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಚೀಟಿ ಓದಿ, ‘ನಾನು ಅದನ್ನು ತೆಗೆದುಕೊಳ್ಳುವುದಿಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ವಿಟಮಿನ್ ಸಿ ಕೂಡ ಚೀಟಿಯಲ್ಲಿ ‘ಆಸ್ಕಾರ್ಬಿಕ್ ಆಮ್ಲ’ ಎಂಬ ವೇಷದಲ್ಲಿ ಬರುತ್ತದೆ.

ಇನ್ನೊಂದು ಪದರವೂ ಇದೆ. ನೆಗಡಿಯ ಮಾತ್ರೆಗಳಲ್ಲಿ ಹಲವು ಪ್ಯಾರಾಸಿಟಮಾಲ್ ಬೆರೆತವು. ಮಂಡಿನೋವಿಗೆ ಕೊಡುವ ಅಸೆಕ್ಲೋಫೆನಾಕ್, ಟ್ರಮಡಾಲ್ ಮಾತ್ರೆಗಳಲ್ಲೂ ಎಷ್ಟೋ ಬಾರಿ ಅದು ಜೊತೆಗಿರುತ್ತದೆ. ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳ ಫೋಟೋ ತೆಗೆದು, ಫೋನಿನಲ್ಲಿ ದೊಡ್ಡದು ಮಾಡಿ ಓದಿ. ಅಥವಾ ಫೋಟೋವನ್ನು ನಿಮ್ಮ ಔಷಧ ಅಂಗಡಿಯ ಫಾರ್ಮಸಿಸ್ಟ್‌ಗೆ ತೋರಿಸಿ, ‘ತೋಳಿಗೆ ಇಂಥ ಕಂಪನಿಯ, ಇಂಥ ಮಾದರಿಯ ಸೆನ್ಸರ್ ಇದೆ’ ಎಂದು ಹೇಳಿ. ಬೇರೆ ಮಾತ್ರೆಗಳ ಪಟ್ಟಿ ಕೊಡುವಾಗ ಸೆನ್ಸರ್ ಹೆಸರನ್ನೂ ಸೇರಿಸುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಬರಬೇಕು ಎಂಬುದು ನನ್ನ ಅಭಿಪ್ರಾಯ.

ಹೀಗಾಗುತ್ತದೆ ಎಂದು ಜ್ವರ ಬಂದಾಗ ಪ್ಯಾರಾಸಿಟಮಾಲ್ ಬಿಡಬೇಡಿ. ಆ ದಿನಗಳಲ್ಲಿ ಇನ್ಸುಲಿನ್ ಲೆಕ್ಕವನ್ನು ಸೆನ್ಸರ್ ನೋಡಿ ಹಾಕದೆ, ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡಿ ಹಾಕಿ.

ಗ್ಲುಕೋಮೀಟರ್ ಸಂಪೂರ್ಣ ನಿಖರವೇ ಎಂದರೆ ಅದೂ ಅಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಇರಬಹುದು. 200 ಎಂದರೆ 170ರಿಂದ 230ರ ನಡುವೆ ಎಲ್ಲೋ ಎಂದರ್ಥ. ಔಷಧದ ಕಾಟ ಅದಕ್ಕೂ ಇತ್ತು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವವರಿಗೆ ಕೊಡುವ ಐಕೋಡೆಕ್ಸ್‌ಟ್ರಿನ್ ದ್ರಾವಣ ದೇಹದಲ್ಲಿ ಮಾಲ್ಟೋಸ್ ಆಗುತ್ತದೆ. ಒಂದು ಬಗೆಯ ಗ್ಲುಕೋಮೀಟರ್ ಪಟ್ಟಿ ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಓದುತ್ತಿತ್ತು. ಇಂಥ ತಪ್ಪು ಓದಿಗೆ ಸಂಬಂಧಿಸಿ 13 ಸಾವುಗಳ ವರದಿ ತನಗೆ ಬಂದಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಎಚ್ಚರಿಸಿತು. ಮನೆಯಲ್ಲಿ ಆ ಡಯಾಲಿಸಿಸ್ ನಡೆಯುತ್ತಿದ್ದರೆ ಯಾವ ಪಟ್ಟಿ ಬಳಸಬೇಕು ಎಂದು ಡಯಾಲಿಸಿಸ್ ಕೇಂದ್ರದಲ್ಲಿ ಕೇಳಿಯೇ ಬಳಸಿ.

ಈಗ ಸೆನ್ಸರನ್ನೇ ಇನ್ಸುಲಿನ್ ಪಂಪ್‌ಗೆ ಜೋಡಿಸುವ ವ್ಯವಸ್ಥೆಗಳು ಭಾರತಕ್ಕೂ ಬಂದಿವೆ. ಸೆನ್ಸರ್ ಓದುತ್ತದೆ, ಪಂಪ್ ತಾನೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುತ್ತದೆ. ಟೈಪ್ 1 ಮಧುಮೇಹದ ಮಕ್ಕಳ ಅಪ್ಪ ಅಮ್ಮಂದಿರಿಗೆ ರಾತ್ರಿ ನಿದ್ದೆ ಕೊಟ್ಟ ತಂತ್ರಜ್ಞಾನ ಇದು. ಆದರೆ ನಡುವೆ ‘ತಾಳು, ಈ ಅಂಕಿ ಏಕೋ ಸರಿಯಿಲ್ಲ’ ಎನ್ನುವ ಮನುಷ್ಯ ಅಲ್ಲಿ ಇಲ್ಲ. ಹಾಗಾಗಿ ಪಂಪ್ ಇರುವ ಮಗುವಿಗೆ ಜ್ವರ ಬಂದರೆ ಯಾವ ಔಷಧ ಕೊಡಬೇಕು, ಎಷ್ಟು ಹೊತ್ತು ಸ್ವಯಂಚಾಲನೆ ನಿಲ್ಲಿಸಬೇಕು ಎಂಬುದನ್ನು ಜ್ವರ ಬರುವ ಮುಂಚೆಯೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ರಾತ್ರಿ ಎರಡು ಗಂಟೆಗೆ ಫೋನ್ ಕೂಗಿದಾಗ

ದೂರದಿಂದ ನೋಡಿಕೊಳ್ಳುವವರಿಗೆ ಇದು ಪರಿಚಿತ: ಊರಿನಲ್ಲಿ ಅಮ್ಮ ಮಲಗಿದ್ದಾರೆ, ಇಲ್ಲಿ ನಿಮ್ಮ ಫೋನ್ 58 ಎಂದು ಕೂಗುತ್ತದೆ. ಸೆನ್ಸರ್ ಇರುವ ತೋಳಿನ ಮೇಲೆಯೇ ಹೊರಳಿ ಮಲಗಿದರೆ ಆ ಜಾಗದ ದ್ರವದ ಹರಿವು ಕುಗ್ಗಿ ಅಂಕಿ ಸುಳ್ಳಾಗಿ ಬೀಳುತ್ತದೆ, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಮೇಲೇರುತ್ತದೆ. ನಿಜವಾಗಿಯೂ ಕುಸಿದಿರಲೂಬಹುದು. ಎರಡರಲ್ಲಿ ಯಾವುದು ಎಂದು ಫೋನ್ ನೋಡಿ ಊಹಿಸಬೇಡಿ, ಕರೆ ಮಾಡಿ ಎಬ್ಬಿಸಿ.

ಎದ್ದವರು ಬೆವರುತ್ತಿದ್ದರೆ, ಕೈ ನಡುಗುತ್ತಿದ್ದರೆ, ಮಾತು ತೊದಲುತ್ತಿದ್ದರೆ ಮೊದಲು ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಲಿ, ಪರೀಕ್ಷೆ ಆಮೇಲೆ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಯಾವ ಲಕ್ಷಣವೂ ಇಲ್ಲದಿದ್ದರೆ ಮೊದಲು ಬೆರಳು ಚುಚ್ಚಿ ನೋಡಲಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. 108ಕ್ಕೆ ಕರೆ ಮಾಡಬೇಕು. ಕರೆ ಎತ್ತದಿದ್ದರೆ ಯಾರು ಬಾಗಿಲು ತಟ್ಟುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ಪಕ್ಕದ ಮನೆಯವರ ಹತ್ತಿರ ಒಂದು ಕೀಲಿಕೈ ಇರುವುದು ಆ್ಯಪ್‌ನ ಎಷ್ಟೋ ಸೌಲಭ್ಯಗಳಿಗಿಂತ ಉಪಯೋಗ.

ಯಾವ ಔಷಧದ ಮೇಲಿದ್ದಾರೆ ಎಂಬುದೂ ಇಲ್ಲಿ ಮುಖ್ಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿಯುವ ಸಂಭವ ಹೆಚ್ಚು. ಬರೀ ಮೆಟ್ಫಾರ್ಮಿನ್ ಮೇಲಿರುವವರಲ್ಲಿ ಅಪರೂಪ. ವಯಸ್ಸಾದವರಲ್ಲಿ ಏರಿಕೆಗಿಂತ ಕುಸಿತಕ್ಕೇ ಹೆಚ್ಚು ಹೆದರಬೇಕು. ಬಹುತೇಕ ವಯಸ್ಕರಿಗೆ ದಿನದ ಶೇ 70ರಷ್ಟು ಹೊತ್ತು ಸಕ್ಕರೆ 70ರಿಂದ 180ರ ನಡುವೆ ಇರಲಿ ಎನ್ನುವ ತಜ್ಞರ 2019ರ ಅಂತರರಾಷ್ಟ್ರೀಯ ಒಮ್ಮತ, ದುರ್ಬಲರಾದ ಹಿರಿಯರಿಗೆ ಶೇ 50 ಸಾಕು, ಆದರೆ 70ರ ಕೆಳಗೆ ಶೇ 1ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ. ಊಟವಾದ ಮೇಲೆ 190 ಕಂಡಿತೆಂದು ಮುಂಬೈನಿಂದ ಫೋನ್ ಮಾಡಿ ಅಪ್ಪನನ್ನು ಗದರುವ ಮಕ್ಕಳು ಇದನ್ನು ಎರಡು ಸಲ ಓದಿಕೊಳ್ಳಲಿ.

ಚುಚ್ಚದೆಯೇ ಸಕ್ಕರೆ ಅಳೆಯುತ್ತದೆ ಎನ್ನುವ ವಾಚು, ಉಂಗುರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂಥ ಒಂದನ್ನೂ ತಾನು ಅನುಮೋದಿಸಿಲ್ಲ, ಬಳಸಬೇಡಿ ಎಂದು ಎಫ್‌ಡಿಎ 2024ರ ಫೆಬ್ರವರಿ 21ರಂದು ಹೇಳಿತು. ಚರ್ಮದಡಿಯ ಸೆನ್ಸರಿನ ಅಂಕಿಯನ್ನು ತೋರಿಸುವ ವಾಚು ಬೇರೆ, ತಾನೇ ಅಳೆಯುತ್ತೇನೆ ಎನ್ನುವ ವಾಚು ಬೇರೆ. ಎರಡನೆಯದಕ್ಕೆ ದುಡ್ಡು ಕೊಡಬೇಡಿ.

ಅಂಕಿಗಳು ನಿಮ್ಮ ಫೋನಿಗಷ್ಟೇ ಹೋಗುವುದಿಲ್ಲ, ಕಂಪನಿಯ ಸರ್ವರ್‌ಗೂ ಹೋಗುತ್ತವೆ. ಆ್ಯಪ್ ಹಾಕಿಕೊಳ್ಳುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದ್ದು ಅದಕ್ಕೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರೋಗ್ಯದ ಮಾಹಿತಿಗೆ ಪ್ರತ್ಯೇಕ ದರ್ಜೆ ಕೊಟ್ಟಿಲ್ಲ. ಇದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಆದರೆ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಎಂದು ಅದು ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ ಕೊಟ್ಟ 18 ತಿಂಗಳ ಕಾಲಾವಕಾಶ 2027ರ ಮೇ ಹೊತ್ತಿಗೆ ಮುಗಿಯುತ್ತದೆ. ಚೆನ್ನೈನಲ್ಲಿರಲಿ, ದೆಹಲಿಯಲ್ಲಿರಲಿ, ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿರುತ್ತದೆ. ಬಳಕೆಯ ಎಚ್ಚರಿಕೆಗಳನ್ನು ಕನ್ನಡದಲ್ಲಿ ಕೊಡಬೇಕೆಂದು ಈ ಕಾಯ್ದೆ ಹೇಳುವುದಿಲ್ಲ. ಒಪ್ಪಿಗೆಯ ಪತ್ರ ಕನ್ನಡದಲ್ಲಿ, ಜ್ವರದ ಮಾತ್ರೆಯ ಎಚ್ಚರಿಕೆ ಇಂಗ್ಲಿಷಿನಲ್ಲಿ ಎಂಬ ವಿಚಿತ್ರ ಸ್ಥಿತಿ ಬರಬಹುದು. ಹಾಗಾಗಿ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಾಗಲೆಲ್ಲ ಕನ್ನಡದ ಚೀಟಿ ಇದೆಯೇ ಎಂದು ಕೇಳಿ. ಕೇಳುವವರೇ ಇಲ್ಲದಿದ್ದರೆ ಅವರು ಅನುವಾದ ಮಾಡಿಸುವುದಿಲ್ಲ.

ಸೆನ್ಸರ್ ಮತ್ತು ಗ್ಲುಕೋಮೀಟರ್ ನಡುವೆ ಮತ್ತೆ ಮತ್ತೆ ದೊಡ್ಡ ವ್ಯತ್ಯಾಸ ಕಂಡರೆ ಎರಡರ ಅಂಕಿ ಮತ್ತು ಹೊತ್ತನ್ನು ಬರೆದಿಟ್ಟುಕೊಂಡು ಕಂಪನಿಗೆ ತಿಳಿಸಿ. ವೈದ್ಯಕೀಯ ಸಾಧನಗಳಿಂದ ಆದ ತೊಂದರೆಗಳನ್ನು ಭಾರತೀಯ ಫಾರ್ಮಕೋಪಿಯಾ ಆಯೋಗವೂ 2015ರಿಂದ ದಾಖಲಿಸಿಕೊಳ್ಳುತ್ತಿದೆ. ಅದರ ಉಚಿತ ಸಹಾಯವಾಣಿ 1800-180-3024. ಸೆನ್ಸರ್ ಅಂಟಿಸಿದ ಕೂಡಲೇ ಪೆಟ್ಟಿಗೆಯನ್ನು ಕಸಕ್ಕೆ ಹಾಕಬೇಡಿ, ಕನಿಷ್ಠ ಅದರ ಮೇಲಿನ ಲಾಟ್ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆಯ ಫೋಟೋ ತೆಗೆದಿಡಿ. ದೂರು ಕೊಡುವಾಗ ಅವು ಬೇಕಾಗುತ್ತವೆ.