ಹಬ್ಬದ ಮರುದಿನದ ಬೀದಿ

ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬ ಮುಗಿದೊಡನೆ, ಬೀದಿಯ ಕಸಕ್ಕೆ ಹೂ, ಮೇಣದಬತ್ತಿ ಮಾರುವ ಬಡವರನ್ನು ದೂಷಿಸುವುದು ರೂಢಿ. ಚೀಲ, ಲೋಟಗಳನ್ನು ಎಸೆದವರು ಕೊಂಡವರಾದ ನಾವಲ್ಲವೇ?

ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕೆ 2014ರ ಕಾಯ್ದೆ ರಕ್ಷಣೆ ನೀಡಿದೆ. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೇ ಆಲಿಸಬೇಕೆಂದು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪರಿಪತ್ರದಲ್ಲಿ ಬೋಧಿಸಿದರು. ಆದುದರಿಂದ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿಸುವುದು ಪರಿಹಾರವಲ್ಲ.

ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಹಬ್ಬಕ್ಕೆ ಮುನ್ನವೇ ಅವರೊಡನೆ ಕುಳಿತು ಸಮಾಲೋಚಿಸಲಿ. ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ಬುಟ್ಟಿಗಳನ್ನಿರಿಸಲಿ. ನಾವು ಮನೆಯಿಂದಲೇ ಬಟ್ಟೆಯ ಚೀಲ, ನೀರಿನ ಬಾಟಲಿ ಒಯ್ಯೋಣ. ಬಲಿಪೂಜೆಯಲ್ಲಿ ಭಾಗವಹಿಸಿ, ನಮ್ಮ ಕಸವನ್ನು ಪೌರಕಾರ್ಮಿಕರ ತಲೆಗೆ ಕಟ್ಟಿ ಹೋಗುವುದು ಭಕ್ತಿಯಾಗದು.