ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಕಲಿಸಿದ ಪಾಠ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ರೂಢಿಯಂತೆ ಹಳಗನ್ನಡ ಕಾವ್ಯವೊಂದರ ರಸವಿವೇಚನೆಯನ್ನೋ ವ್ಯಾಕರಣದ ಸೂಕ್ಷ್ಮವೊಂದನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನನ್ನ ಎಣಿಕೆಯೂ ಅದೇ ಆಗಿತ್ತು. ಆದರೆ ಕಳೆದ ವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬರೆದ ನಾಲ್ಕು ಪುಟಗಳ ಪ್ರಬಂಧವು ಅಂದಿನಿಂದಲೂ ನನ್ನ ಮನಸ್ಸನ್ನು ಕಾಡುತ್ತಿದೆ. ಕಾವ್ಯವಿಮರ್ಶೆಯನ್ನು ಮುಂದಿನ ಸಂಚಿಕೆಗೆ ಮೀಸಲಿಟ್ಟು, ಆ ಪ್ರಬಂಧವು ನನಗೆ ಕಲಿಸಿದ್ದನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ಅರಿಕೆ ಮಾಡಿಕೊಳ್ಳುವುದೇ ಉಚಿತವೆಂದು ತೋರಿತು. ಕನ್ನಡ ಪಂಡಿತನಿಗೂ ರಸ್ತೆಯ ಸುರಕ್ಷತೆಗೂ ಏನು ನಂಟೆಂದು ಕೇಳುವವರು ಕೊನೆಯವರೆಗೆ ಓದುವ ತಾಳ್ಮೆಯನ್ನು ತೋರಬೇಕೆಂದು ಬಿನ್ನಹ.

ಮೊದಲು ನನ್ನ ತಪ್ಪೊಪ್ಪಿಗೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ಸಪ್ತಾಹವು ಬಹುಮಟ್ಟಿಗೆ ಜನವರಿ ತಿಂಗಳಿನಲ್ಲಿ ನಡೆದುಬಂದಿದೆ. ಈಚೆಗೆ ಮಾಸಾಚರಣೆಯಾಗಿಯೂ ಬೆಳೆದಿದೆ. ಸಪ್ತಾಹ ಬಂತೆಂದರೆ ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆಗಳ ಹೊಣೆ ಕನ್ನಡ ಪಂಡಿತನ ಹೆಗಲಿಗೇ ಬೀಳುವುದು. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಬಹುಪಾಲು ನಾನು ಆ ಹೊಣೆಯನ್ನು ಹೊತ್ತಿದ್ದೇನೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಉಪಶೀರ್ಷಿಕೆಗಳು, ಎಡಬದಿಯಲ್ಲಿ ಚಲಿಸಬೇಕು, ಕೆಂಪು ದೀಪಕ್ಕೆ ನಿಲ್ಲಬೇಕು, ವೇಗವನ್ನು ಮಿತಿಯಲ್ಲಿಡಬೇಕು ಎಂಬ ‘ಬೇಕು’ಗಳ ಸಾಲು, ಕೊನೆಯಲ್ಲಿ ಒಂದು ಘೋಷವಾಕ್ಯ. ಅಕ್ಷರ ದುಂಡಾಗಿ, ಕಾಗುಣಿತ ಶುದ್ಧವಾಗಿದ್ದರೆ ಹತ್ತಕ್ಕೆ ಒಂಬತ್ತು ಅಂಕ. ಬರೆದ ಹುಡುಗನಿಗೆ ಅದರಲ್ಲಿ ಒಂದು ಮಾತಾದರೂ ತನ್ನದಾಗಿದೆಯೇ ಎಂದು ನಾನು ಎಂದೂ ವಿಚಾರಿಸಲಿಲ್ಲ.

ಹಾಗೆ ಪ್ರಥಮ ಬಹುಮಾನ ಪಡೆದವರಲ್ಲಿ ಒಬ್ಬ ಹುಡುಗನ ನೆನಪು ನನ್ನನ್ನು ಬಿಟ್ಟುಹೋಗಿಲ್ಲ. ಹೆಲ್ಮೆಟ್ಟಿನ ಮಹತ್ವವನ್ನು ಕುರಿತು ಆತ ವೇದಿಕೆಯ ಮೇಲೆ ನಿಂತು ಮಾಡಿದ ಭಾಷಣಕ್ಕೆ ಸಭೆಯೆಲ್ಲ ಕರತಾಡನ ಮಾಡಿತು. ಭಾಷಣವನ್ನು ಬರೆದುಕೊಟ್ಟವನು ನಾನು. ಹೆಲ್ಮೆಟ್ ಎಂದಿದ್ದ ಕಡೆಯಲ್ಲೆಲ್ಲ ಶಿರಸ್ತ್ರಾಣವೆಂದು ತಿದ್ದಿ ಸಂತೋಷಪಟ್ಟಿದ್ದೆ. ಏಳು ವರ್ಷಗಳ ತರುವಾಯ, ನೌಕರಿಗೆ ಸೇರಿದ ಮೂರನೆಯ ತಿಂಗಳಿನಲ್ಲಿ, ಸಂಜೆಯ ಮಬ್ಬಿನಲ್ಲಿ ಹೆದ್ದಾರಿಯ ಬದಿಗೆ ದೀಪವಿಲ್ಲದೆ ನಿಂತಿದ್ದ ಲಾರಿಗೆ ಆತನ ಮೋಟಾರು ಸೈಕಲ್ಲು ಬಡಿಯಿತು. ಹೆಲ್ಮೆಟ್ಟು ಗಾಡಿಯ ಕನ್ನಡಿಗೆ ತೂಗುಹಾಕಿದ್ದಂತೆಯೇ ಇತ್ತು. ಮಣ್ಣಿಗೆ ಹೋದಾಗ ಆತನ ತಂದೆ ನನ್ನ ಕೈ ಹಿಡಿದು, “ನಿಮ್ಮ ಕೈಯಲ್ಲಿ ಕಲಿತ ಹುಡುಗ, ಗುರುಗಳೇ” ಎಂದಷ್ಟೇ ಹೇಳಿದರು. ಗೌರವದಿಂದ ಆಡಿದ ಮಾತದು. ನನಗೆ ಮಾತ್ರ ಆರೋಪದಂತೆ ಕೇಳಿಸಿತು.

ಅಂದಿನಿಂದ ಆ ವಿಷಯವನ್ನು ಪ್ರಬಂಧಕ್ಕೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕಳೆದ ವರ್ಷ ‘ಈ ಶಾಲೆಯಲ್ಲಿ ನಾನು ಕಲಿತದ್ದು’ ಎಂಬ ವಿಷಯವನ್ನಿತ್ತು, ಮಾರ್ಗದರ್ಶಿ ಪುಸ್ತಕಗಳಲ್ಲಿ ಸಿಗುವ ಮಾತು ಬೇಡ, ಕಂಡದ್ದನ್ನೂ ಮಾಡಿದ್ದನ್ನೂ ಬರೆಯಿರಿ ಎಂದು ಮಕ್ಕಳಿಗೆ ಹೇಳಿದೆ. ಬಹುಮಂದಿ ಶಿಸ್ತು, ಗುರುಭಕ್ತಿ, ಸಮಯಪಾಲನೆ ಎಂದೇ ಬರೆದರು. ಹಳ್ಳಿಯಿಂದ ದಿನವೂ ಆರು ಕಿಲೋಮೀಟರು ಸೈಕಲ್ಲು ತುಳಿದು ಬರುವ ರೈತನ ಮಗಳೊಬ್ಬಳ ಪ್ರಬಂಧ ಮಾತ್ರ ಶಾಲೆಯ ಮೈದಾನ, ಅಳತೆಯ ಟೇಪು ಮತ್ತು ಎರಡು ಸುಣ್ಣದ ಗೆರೆಗಳಿಂದ ಆರಂಭವಾಗಿತ್ತು.

ನಮ್ಮ ವಿಜ್ಞಾನ ಶಿಕ್ಷಕರು ತರಗತಿಯನ್ನು ಮೈದಾನಕ್ಕೆ ಕರೆದೊಯ್ದು, ಇಪ್ಪತ್ತು ಮೀಟರುಗಳ ಅಂತರದಲ್ಲಿ ಆ ಗೆರೆಗಳನ್ನು ಹಾಕಿಸಿದ್ದರು. ಸೈಕಲ್ಲಿನವರು ಆ ದೂರವನ್ನು ಒಮ್ಮೆ ಎಂಟು ಸೆಕೆಂಡುಗಳಲ್ಲಿ, ಇನ್ನೊಮ್ಮೆ ನಾಲ್ಕು ಸೆಕೆಂಡುಗಳಲ್ಲಿ ಕ್ರಮಿಸಿ, ಎರಡನೆಯ ಗೆರೆ ಮುಟ್ಟಿದ ಕೂಡಲೇ ಬ್ರೇಕು ಹಿಡಿಯಬೇಕು. ನಿಧಾನವಾಗಿ ಬಂದಾಗ ಸೈಕಲ್ಲು ಒಂದೂಕಾಲು ಮೀಟರಿನಲ್ಲಿ ನಿಂತಿತು. ವೇಗ ಇಮ್ಮಡಿಯಾದರೆ ದೂರವೂ ಇಮ್ಮಡಿಯಾಗಿ ಎರಡೂವರೆ ಮೀಟರು ಆದೀತೆಂದು ಮಕ್ಕಳು ಪಂದ್ಯ ಕಟ್ಟಿದ್ದರಂತೆ. ಅಳೆದು ನೋಡಿದರೆ ಐದು ಮೀಟರಿಗೆ ಹತ್ತಿರ! ನೆಲಕ್ಕೆ ನೀರು ಹೊಯ್ದು ನೋಡಿದಾಗ ಸೈಕಲ್ಲು ಇನ್ನೂ ಮುಂದಕ್ಕೆ ಜಾರಿತು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುವುದೆಂಬ ನಿಯಮವನ್ನು ತಾನು ಹಿಂದಿನ ವರ್ಷವೇ ಬಾಯಿಪಾಠ ಮಾಡಿದ್ದರೂ, ಅಂದು ಸುಣ್ಣದ ಗೆರೆಯ ಬಳಿ ನಿಂತಾಗಲೇ ಅದು ತನ್ನ ‘ಮೈಗೆ ತಿಳಿಯಿತು’ ಎಂದು ಆಕೆ ಬರೆದಿದ್ದಳು. ‘ಮನಸ್ಸಿಗೆ ತಿಳಿಯಿತು’ ಎಂದು ತಿದ್ದಲು ಕೆಂಪು ಶಾಯಿಯ ಲೇಖನಿಯನ್ನೆತ್ತಿದವನು ಹಾಗೆಯೇ ಕೆಳಗಿಟ್ಟೆ. ಆಕೆ ಬರೆದದ್ದೇ ಸರಿ.

ಪ್ರಬಂಧದ ಉತ್ತರಾರ್ಧವು ಸೆಪ್ಟೆಂಬರ್ 15ರದು. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಅಂದು ಇಂಜಿನಿಯರುಗಳ ದಿನಾಚರಣೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ನಿವೃತ್ತ ಇಂಜಿನಿಯರರೂ ಆದ ಹಿರಿಯರೊಬ್ಬರನ್ನು ಆಹ್ವಾನಿಸಲಾಗಿತ್ತು. ಅವರು ಹಾರ ಹಾಕಿಸಿಕೊಂಡು, ಭಾಷಣವನ್ನು ಐದು ನಿಮಿಷಗಳಲ್ಲಿ ಮುಗಿಸಿ, ಮಕ್ಕಳನ್ನು ಶಾಲೆಯ ಮುಂದಿನ ರಸ್ತೆಗೆ ಕರೆದುಕೊಂಡು ಹೋದರು. ರಸ್ತೆಯು ನಡುವಿನಲ್ಲಿ ತುಸು ಉಬ್ಬಿ ಎರಡೂ ಬದಿಗೆ ಇಳಿದಿರುವುದು ಮಳೆಯ ನೀರು ನಿಲ್ಲದಿರಲೆಂದು. ತಿರುವಿನಲ್ಲಿ ಹೊರಗಿನ ಅಂಚನ್ನು ಎತ್ತರಿಸುವುದು ವಾಹನವು ಹೊರಕ್ಕೆ ಸಿಡಿಯದಿರಲೆಂದು. ಇರುಳಿನಲ್ಲಿ ರಸ್ತೆಯ ನಡುವೆ ಹೊಳೆಯುವ ಗಾಜಿನ ಗುಂಡಿಗಳಿಗೆ ಬೆಕ್ಕಿನ ಕಣ್ಣೆಂದು ಹೆಸರು ಬಂದುದು, 1934ರಲ್ಲಿ ಇಂಗ್ಲೆಂಡಿನ ಪರ್ಸಿ ಶಾ ಎಂಬಾತ ಅವುಗಳನ್ನು ರೂಪಿಸಿದಂದಿನಿಂದ. ಇಷ್ಟು ವರ್ಷ ತಾನು ಸೈಕಲ್ಲು ತುಳಿದ ರಸ್ತೆಯನ್ನು ಒಬ್ಬರು ಯೋಚಿಸಿ ಯೋಚಿಸಿ ಮಾಡಿದ್ದಾರೆಂಬುದೇ ತನಗೆ ಹೊಳೆದಿರಲಿಲ್ಲವೆಂದು ಆಕೆ ಬರೆಯುತ್ತಾಳೆ. ನನಗೂ ಹೊಳೆದಿರಲಿಲ್ಲ.

ಬಳಿಕ ಅವರು ಮಕ್ಕಳ ಕೈಗೆ ಟೇಪು ಕೊಟ್ಟು, ರಸ್ತೆಯ ತಿರುವಿನಿಂದ ನಮ್ಮ ಶಾಲೆಯ ಹೆಬ್ಬಾಗಿಲಿನವರೆಗಿನ ದೂರವನ್ನು ಅಳೆಯಿಸಿದರು. 38 ಮೀಟರು. ತಿರುವಿನ ಆಚೆಯಿಂದ ಬರುವ ವಾಹನಕ್ಕೆ ಬಾಗಿಲು ಕಾಣದು. ಬಾಗಿಲಿನಲ್ಲಿ ನಿಂತ ಮಗುವಿಗೆ ವಾಹನ ಕಾಣದು. ಕಣ್ಣು ಕಂಡದ್ದನ್ನು ಗ್ರಹಿಸಿ ಕಾಲು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಬೇಕೆಂದು ಹಿಡಿದರೆ, ಒಣ ರಸ್ತೆಯಲ್ಲಿ ಸಾಧಾರಣ ಬ್ರೇಕಿನ ವಾಹನವು ಗಂಟೆಗೆ 30 ಕಿಲೋಮೀಟರು ವೇಗದಲ್ಲಿದ್ದಾಗ ಸುಮಾರು 15 ಮೀಟರಿನಲ್ಲಿ ನಿಲ್ಲುತ್ತದೆ. 60 ಕಿಲೋಮೀಟರು ವೇಗದಲ್ಲಿ ಸುಮಾರು 45 ಮೀಟರು ಬೇಕು. ಮಕ್ಕಳು ಈ ಲೆಕ್ಕವನ್ನು ರಸ್ತೆಯ ಬದಿಯಲ್ಲಿ ಕುಳಿತೇ ಮಾಡಿದರು. ಅರವತ್ತರ ವೇಗದಲ್ಲಿ ತಿರುವು ದಾಟಿದ ವಾಹನದ ಚಾಲಕನು ನಿಲ್ಲಿಸಬೇಕೆಂದರೂ ನಮ್ಮ ಬಾಗಿಲಿನ ಮುಂದೆ ನಿಲ್ಲಿಸಲಾರನೆಂದು ಬರೆದು ಆಕೆ ಪ್ರಬಂಧವನ್ನು ಮುಗಿಸಿದ್ದಳು. ಉಪಸಂಹಾರ ಇರಲಿಲ್ಲ. ಕರೆದು, “ಯಾಕವ್ವಾ, ಕೊನೆಗೆ ಏನೂ ಹೇಳಲೇ ಇಲ್ಲವಲ್ಲ?” ಎಂದೆ. “ಇನ್ನೇನು ಹೇಳಬೇಕ್ರೀ ಸರ್, ಲೆಕ್ಕ ಅಲ್ಲೇ ಐತಲ್ಲ” ಎಂದಳು.

ಸಹೃದಯರೇ, ಆ ರಾತ್ರಿ ನನಗೆ ನೆನಪಾದುದು ಕೇಶಿರಾಜನ ಶಬ್ದಮಣಿದರ್ಪಣ. ಹದಿಮೂರನೆಯ ಶತಮಾನದ ಆ ವ್ಯಾಕರಣವನ್ನು ವಿದ್ವತ್ ಪರೀಕ್ಷೆಗಾಗಿ ಗುರುಗಳ ಮುಂದೆ ಕುಳಿತು ಓದಿದವನು ನಾನು. ಕೇಶಿರಾಜನ ಕ್ರಮವೇನು? ಮೊದಲು ಕಂದಪದ್ಯದಲ್ಲಿ ಸೂತ್ರ. ಅದನ್ನು ಬಿಡಿಸಿ ಹೇಳುವ ವೃತ್ತಿ. ಆಮೇಲೆ ಪೂರ್ವಕವಿಗಳಿಂದ ಆಯ್ದ ಪ್ರಯೋಗ. ವೃತ್ತಿಯಿಲ್ಲದ ಸೂತ್ರ ಒಗಟು. ಪ್ರಯೋಗವಿಲ್ಲದ ಸೂತ್ರ ನಿರ್ಜೀವ. ವ್ಯಾಕರಣದ ಪಾಠದಲ್ಲಿ ಈ ಮೂರನ್ನೂ ಎಂದೂ ಬಿಟ್ಟುಕೊಡದ ನಾನು, ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ಪಾಠದಲ್ಲಿ ಸೂತ್ರವನ್ನಷ್ಟೇ ಗಿಳಿಪಾಠ ಮಾಡಿಸಿ ಬಹುಮಾನ ಹಂಚಿದ್ದೆ. ಹೆಲ್ಮೆಟ್ ಧರಿಸಬೇಕೆಂಬುದು ಸೂತ್ರ. ಅದರ ಒಳಗಿರುವ ಥರ್ಮಾಕೋಲಿನಂಥ ಪದರವು ಪೆಟ್ಟು ಬಿದ್ದಾಗ ತಾನು ಹಿಸುಕಿಕೊಂಡು, ತಲೆಯು ನಿಲ್ಲುವ ಕ್ಷಣವನ್ನು ಕೊಂಚ ಹಿಗ್ಗಿಸಿ, ಬಲವನ್ನು ಅಗಲವಾಗಿ ಹರಡುತ್ತದೆಂಬುದು ವೃತ್ತಿ. ಪಟ್ಟಿ ಬಿಗಿಯದಿದ್ದರೆ ಅದು ತಲೆಗಿಂತ ಮೊದಲೇ ಹಾರಿಹೋಗುವುದೆಂದು ಮಾಡಿ ತೋರಿಸುವುದು ಪ್ರಯೋಗ. ಆ ಹುಡುಗನಿಗೆ ಭಾಷಣ ಬರೆದುಕೊಟ್ಟ ದಿನ ಹೆಲ್ಮೆಟ್ಟಿನೊಳಗೆ ಏನಿದೆಯೆಂದು ನನಗೇ ತಿಳಿದಿರಲಿಲ್ಲ.

ಇದು ಒಂದು ಶಾಲೆಯ ಕೊರತೆಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಗಂಟೆಗೆ ಹತ್ತೊಂಬತ್ತು ಜೀವ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ 50,029 ಮಂದಿ. ಇವರಲ್ಲಿ ಎಷ್ಟು ಜನ ಶಾಲೆಯಲ್ಲಿ ಈ ವಿಷಯವನ್ನು ಕುರಿತು ಪ್ರಬಂಧ ಬರೆದಿರಲಿಕ್ಕಿಲ್ಲ! 2021ರ ಜನವರಿಯಲ್ಲಿ, ಒಂದೇ ಶಾಲೆಯಲ್ಲಿ ಕೂಡಿ ಓದಿದ ಗೆಳತಿಯರು ದಾವಣಗೆರೆಯಿಂದ ಗೋವೆಗೆ ಹೊರಟಾಗ, ಧಾರವಾಡದ ಬಳಿ ಇಟಿಗಟ್ಟಿಯ ಹತ್ತಿರ ಟಿಪ್ಪರು ಢಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದುದನ್ನು ಹಳೆಯ ವಿದ್ಯಾರ್ಥಿಗಳಾದ ನೀವು ಮರೆತಿರಲಾರಿರಿ. ಎರಡೂ ಕಡೆ ಅಗಲವಾಗಿದ್ದ ಹೆದ್ದಾರಿ ಆ ಬೈಪಾಸಿನಲ್ಲಿ ಮಾತ್ರ ಎರಡೇ ಪಥಗಳಿಗೆ ಇಕ್ಕಟ್ಟಾಗಿತ್ತು. ರಸ್ತೆಯ ರಚನೆಯೂ ಜೀವ ಉಳಿಸುತ್ತದೆ, ರಸ್ತೆಯ ರಚನೆಯೂ ಜೀವ ತೆಗೆಯುತ್ತದೆ. ಆದುದರಿಂದ ಸುರಕ್ಷತೆಯ ಪಾಠವನ್ನು ಇಂಜಿನಿಯರಿಂಗಿನಿಂದ ಬೇರ್ಪಡಿಸಿ, ಬರಿಯ ನೀತಿಬೋಧೆಯಾಗಿ ಕಲಿಸಿದರೆ ಅರ್ಧ ಸತ್ಯವನ್ನೇ ಕಲಿಸಿದಂತಾಗುತ್ತದೆ. ಮನುಷ್ಯ ತಪ್ಪುವವನೆಂದು ತಿಳಿದು, ಆ ತಪ್ಪಿಗೆ ಮರಣದಂಡನೆಯಾಗದಂತೆ ವಸ್ತುಗಳನ್ನು ರಚಿಸುವುದೇ ಒಳ್ಳೆಯ ಇಂಜಿನಿಯರಿಂಗು. ಕಾರುಗಳಲ್ಲಿ ಇಂದು ನಾವು ಕಟ್ಟಿಕೊಳ್ಳುವ ಮೂರು ಬಿಂದುಗಳ ಪಟ್ಟಿಯನ್ನು 1959ರಲ್ಲಿ ಸಿದ್ಧಗೊಳಿಸಿದವರು ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೋಹ್ಲಿನ್. ಕಂಪನಿಯು ಅದರ ಪೇಟೆಂಟನ್ನು ಬಚ್ಚಿಡದೆ ಇತರ ತಯಾರಕರೂ ಬಳಸುವಂತೆ ಬಿಟ್ಟುಕೊಟ್ಟಿತು. ದಾನಿಗಳು ಓದುವ ಈ ಸಂಚಿಕೆಯಲ್ಲಿ ಆ ದಾನವನ್ನೂ ಸ್ಮರಿಸುವುದು ಉಚಿತ.

ಕೆಲವು ಸಹೋದ್ಯೋಗಿಗಳು ನನ್ನೊಡನೆ ವಾದಿಸಿದ್ದುಂಟು. ಎಸ್.ಎಸ್.ಎಲ್.ಸಿ. ಫಲಿತಾಂಶವೇ ಶಾಲೆಯ ಅಳತೆಗೋಲಾಗಿರುವಾಗ ಮಕ್ಕಳನ್ನು ಮೈದಾನದಲ್ಲಿ ಸೈಕಲ್ಲು ಓಡಿಸಲು ಬಿಟ್ಟರೆ ಪಠ್ಯ ಮುಗಿಯುವುದೆಂತು ಎಂಬುದು ಅವರ ಪ್ರಶ್ನೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಡ ಮನೆಯ ಮಗುವಿಗೆ ಅಂಕಪಟ್ಟಿಯೇ ಏಣಿ. ಆದರೆ ಆ ವಿದ್ಯಾರ್ಥಿನಿಯ ತರಗತಿಯಲ್ಲಿ ಚಲನಶಕ್ತಿಯ ಪಾಠಕ್ಕೆ ಮರುಬೋಧನೆ ಬೇಕಾಗಲಿಲ್ಲವೆಂದು ವಿಜ್ಞಾನ ಶಿಕ್ಷಕರೇ ಹೇಳಿದ್ದಾರೆ. ನನ್ನ ಕನ್ನಡಕ್ಕೂ ಅದರಿಂದ ಲಾಭವೇ ಆಯಿತು. ಹೇಳುವುದಕ್ಕೆ ಏನಾದರೂ ಇದ್ದಾಗ ಮಕ್ಕಳ ವಾಕ್ಯ ತಾನಾಗಿ ನೆಟ್ಟಗಾಗುತ್ತದೆ. ರಸ್ತೆಗೆ ವೇಗತಡೆಯನ್ನೂ ಸೂಚನಾ ಫಲಕವನ್ನೂ ಕೋರಿ ಮಕ್ಕಳು ಸಂಬಂಧಪಟ್ಟ ಇಲಾಖೆಗೆ ಬರೆದ ಮನವಿ ಪತ್ರದಲ್ಲಿ ನಾನು ತಿದ್ದಬೇಕಾದದ್ದು ಎರಡೇ ಕಡೆ.

ಇನ್ನು ನಮ್ಮ ನಡತೆಯ ಮಾತು. ಹದಿನೆಂಟು ತುಂಬದ ಮಕ್ಕಳು ತಂದೆಯ ಮೋಟಾರು ಸೈಕಲ್ಲಿನಲ್ಲಿ ಶಾಲೆಗೆ ಬರುವುದನ್ನು ಕಂಡೂ ಕಾಣದಂತೆ ಇದ್ದೇವೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತರು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆಮನೆ ವಾಸ; ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು; ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಪಾಲಕರ ಸಭೆಯಲ್ಲಿ ಇದನ್ನು ಓದಿ ಹೇಳುವ ಮೊದಲು ನಾವು ಶಿಕ್ಷಕರು ಹೆಲ್ಮೆಟ್ ಧರಿಸಿ ಆವರಣದೊಳಗೆ ಬರಬೇಕು. ಈ ಲೇಖಕನೂ ಅದನ್ನು ಆರಂಭಿಸಿದ್ದು ಈಚೆಗೆ, ಆ ಪ್ರಬಂಧವನ್ನು ಓದಿದ ಮೇಲೆ. ಇಂಜಿನಿಯರುಗಳಾದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಚಿಕ್ಕದು: ವರ್ಷಕ್ಕೊಂದು ದಿನ ಬನ್ನಿ, ಭಾಷಣಕ್ಕಾಗಿ ಬೇಡ, ಟೇಪು ಹಿಡಿದು ಮಕ್ಕಳೊಡನೆ ರಸ್ತೆಗೆ ಇಳಿಯಲು ಬನ್ನಿ.

ಕೊನೆಯ ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ. ಶಾಲೆಯ ಹೆಬ್ಬಾಗಿಲಿಗೆ ಕಲ್ಲಿನ ಕಮಾನೊಂದನ್ನು ಕಟ್ಟಿಸಿಕೊಡಲು ದಾನಿಗಳು ಮುಂದೆ ಬಂದಿರುವುದು ನಮ್ಮೆಲ್ಲರಿಗೂ ಹೆಮ್ಮೆಯ ಸಂಗತಿ. ಅವರ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಕಮಾನು ಏಳಲಿರುವುದು ತಿರುವಿನಿಂದ 38 ಮೀಟರು ದೂರದಲ್ಲಿ. ಬಾಗಿಲು ಅಂದವಾದಷ್ಟೂ ಅದನ್ನು ಮುಚ್ಚುವುದು ಕಷ್ಟವಾಗುತ್ತದೆ. ಶಾಲೆಯ ಹಿಂಬದಿಯಲ್ಲಿ, ವಾಹನ ಸಂಚಾರ ವಿರಳವಾಗಿರುವ ಓಣಿಗೆ ತೆರೆಯುವ ಒಂದು ಕಿರುಬಾಗಿಲು ಬಹುಕಾಲದಿಂದ ಬೀಗ ಹಾಕಿಕೊಂಡಿದೆ. ಅದನ್ನು ಅಗಲಿಸಿ, ಓಣಿಗೆ ಕಾಲುದಾರಿ ಹಾಸಿ, ಮಳೆಗಾಲದ ಕೆಸರಿಗೆ ಚರಂಡಿ ಮಾಡಿಸಿದರೆ ನಮ್ಮ ಮಕ್ಕಳೆಲ್ಲ ಅಲ್ಲಿಂದಲೇ ಬಂದು ಹೋಗಬಹುದು. ಅದಕ್ಕೆ ಕಮಾನಿನ ಶೋಭೆ ಇರದು. ದಾರಿಯಲ್ಲಿ ಹೋಗುವವರ ಕಣ್ಣಿಗೆ ದಾನಿಗಳ ಹೆಸರು ಬೀಳದು. ಆದರೂ ಆ ಕಿರುಬಾಗಿಲಿಗೇ ದಾನಿಗಳ ಹೆಸರನ್ನು ಕೆತ್ತಿಸಬೇಕೆಂದು ಆಡಳಿತ ಮಂಡಲಿಯವರಲ್ಲಿ ನನ್ನ ವಿನಂತಿ. ಸಂಜೆಯ ಗಂಟೆ ಬಾರಿಸಿದಾಗ ಆ ಬಾಗಿಲಿನಿಂದ ಹೊರಟ ಒಂದೊಂದು ಮಗುವೂ ಮನೆ ಸೇರಿದರೆ, ಆ ಹೆಸರನ್ನು ನಿತ್ಯವೂ ಓದಿದಂತೆಯೇ.